ಕೊಚ್ಚಿಹೋದ ಗೇಜ್ ಬುಕ್ಕು

ಹೂಟಗಳ್ಳಿಯಲ್ಲಿ ಕಾರ್ಖಾನೆಯೊಂದರ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತ ಸಾಲುಮನೆಗಳಲ್ಲಿ ಮೂರನೆಯದು ಹುಚ್ಚಣ್ಣನದು. ಎಪ್ಪತ್ತನಾಲ್ಕು ದಾಟಿದ ಈ ಮನುಷ್ಯನಿಗೆ ಎರಡು ಬಗೆಯ ಜನರನ್ನು ಕಂಡರೆ ಆಗದು. ನೀರಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರು ಒಂದು. ಸತ್ತವರನ್ನು ಮೈಕು ಹಿಡಿದು ಹೊಗಳುವವರು ಇನ್ನೊಂದು. ಈ ಎರಡೂ ಬಂದು ಸೇರುತ್ತಿದ್ದುದು ಚಂದ್ರಮೌಳಿ ಸಾಹೇಬರ ಹೆಸರಿನಲ್ಲಿ. ಆ ಹೆಸರು ಪೇಪರಿನಲ್ಲಿ ಕಂಡ ದಿನ ಹುಚ್ಚಣ್ಣ ಹಾಳೆಯನ್ನು ಮಡಚಿ, ಮೀನಿನ ಮುಳ್ಳು ಸುತ್ತಿ ಎಸೆಯಲು ಇರಲಿ ಎಂದು ಹೆಂಡತಿಗೆ ಕೊಡುತ್ತಿದ್ದ. ಮನೆಯಲ್ಲಿ ಮೀನು ಮಾಡುತ್ತಿದ್ದುದು ತಿಂಗಳಿಗೊಮ್ಮೆ. ಸಾಹೇಬರ ಹೆಸರು ಬರುತ್ತಿದ್ದುದು ವಾರಕ್ಕೊಮ್ಮೆ. ಹಿತ್ತಲ ಬಾಗಿಲ ಪಕ್ಕ ಹಾಳೆಗಳು ಪೇರಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದವು.

ಅವನ ಅವ್ವನಿಗೆ ಮೊದಲ ಮೂರು ಮಕ್ಕಳು ಉಳಿಯಲಿಲ್ಲ. ನಾಲ್ಕನೆಯದಾದರೂ ಯಮನಿಗೆ ಬೇಡವಾಗಲಿ ಎಂದು ಹುಚ್ಚ ಎಂದು ಕೂಗಿದಳು. ಯಮ ಬಿಟ್ಟ, ಆದರೆ ಮೇಷ್ಟರು ಬಿಡಲಿಲ್ಲ. ಆ ಹೆಸರಿಗೆ ಇಡೀ ತರಗತಿ ನಕ್ಕ ದಿನವೇ ಹುಡುಗ ಸ್ಲೇಟನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಅಂಕಿ ಕಲಿತದ್ದು ಕಾರೆಹಳ್ಳ ನಾಲೆಯ ಮೈಲಿಕಲ್ಲುಗಳಿಂದ, ಅಕ್ಷರ ಕಲಿತದ್ದು ತೂಬಿನ ಬಾಗಿಲಿಗೆ ಇಲಾಖೆಯವರು ಅಂಟಿಸುತ್ತಿದ್ದ ನೋಟಿಸುಗಳಿಂದ. ಹಾಗಾಗಿ ಅವನಿಗೆ ಅಮ್ಮ, ಆನೆ ಎಂದು ಬರೆಯಲು ಬರುವುದಕ್ಕೆ ಮೊದಲೇ ‘ಉಲ್ಲಂಘಿಸಿದವರ ಮೇಲೆ ಕ್ರಮ’ ಎಂದು ಬರೆಯಲು ಬರುತ್ತಿತ್ತು. ಅದೇ ನಾಲೆಯ ಮೇಲೆ ನೀರುಗಂಟಿಯಾದ. ದಿನಕ್ಕೆ ಒಂಬತ್ತು ಮೈಲಿ ಏರಿಯ ಮೇಲೆ ನಡೆಯುವುದು, ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರು ಹಂಚುವುದು, ಗೇಜು ಕಲ್ಲಿನ ಮೇಲೆ ನೀರು ಎಷ್ಟು ಅಡಿ ನಿಂತಿದೆ ಎಂದು ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಬುಕ್ಕಿನಲ್ಲಿ ಬರೆಯುವುದು. ಬೇರೆ ನೀರುಗಂಟಿಗಳು ಅಂಕಿ ಬರೆದು ಕೈತೊಳೆಯುತ್ತಿದ್ದರು. ಹುಚ್ಚಣ್ಣ ಹಾಗಲ್ಲ. ಎಲ್ಲಿ ಏರಿ ಕುಸಿದಿದೆ, ಎಲ್ಲಿ ಎಮ್ಮೆ ಇಳಿದು ದಡ ಕೆಡಿಸಿವೆ, ಎಲ್ಲಿ ಏಡಿ ತೂತು ಕೊರೆದಿದೆ, ಎಲ್ಲವನ್ನೂ ಬರೆಯುತ್ತಿದ್ದ. ಬುಕ್ಕಿನ ರಟ್ಟು ಹರಿದಾಗ ಹೆಂಡತಿ ಮಾದೇವಮ್ಮ ಹಳೇ ಕೊಡೆಯ ಕಪ್ಪು ಬಟ್ಟೆ ಕತ್ತರಿಸಿ, ಕೆಂಪು ದಾರದಲ್ಲಿ ಹೊಲಿದು ಕೊಟ್ಟಿದ್ದಳು.

ಆಗ ಆ ಭಾಗಕ್ಕೆ ಎಂಜಿನಿಯರಾಗಿದ್ದವರು ಚಂದ್ರಮೌಳಿ ಸಾಹೇಬರು. ಜೀಪಿನಿಂದ ಇಳಿದರೆ ಬೂಟಿಗೆ ಕೆಸರು ಹತ್ತೀತು ಎಂದು ಜೀಪಿನಲ್ಲೇ ಕೂತು ನಾಲೆ ನೋಡುವ ಪೈಕಿ. ಅವರಿಗೊಂದು ಚಟವಿತ್ತು. ಕಣ್ಣ ಮುಂದೆ ಬಂದ ಯಾವ ಕಾಗದವನ್ನೂ ಹಸಿರು ಇಂಕಿನಲ್ಲಿ ‘ನೋಡಿದೆ’ ಎಂದು ಬರೆದು, ತಾರೀಖು ಹಾಕಿ, ಬಾಲ ಎಳೆದ ರುಜು ಮಾಡದೆ ಬಿಡುತ್ತಿರಲಿಲ್ಲ. ಓದುತ್ತಿದ್ದರೋ ಇಲ್ಲವೋ, ನೋಡಿದ್ದಂತೂ ಖಾತ್ರಿ.

ಎಂಬತ್ತೈದನೇ ಇಸವಿಯಲ್ಲಿ ಏಳನೇ ಮೈಲಿಯ ಏರಿಯಲ್ಲಿ ನೀರು ಜಿನುಗತೊಡಗಿತು. ಮೊದಲ ದಿನ ತಿಳಿನೀರು. ಮರುದಿನ ಕದಡು. ನೀರು ಕದಡಿತೆಂದರೆ ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದು ಅರ್ಥ. ಏರಿಯ ಮೇಲೆ ನಡೆದವನಿಗೆ ಇದು ಗೊತ್ತು, ಜೀಪಿನಲ್ಲಿ ಕೂತವನಿಗೆ ಗೊತ್ತಾಗಬೇಕಾದರೆ ಇಳಿಯಬೇಕು. ಹುಚ್ಚಣ್ಣ ಬುಕ್ಕಿನಲ್ಲಿ ಬರೆದು, ಬುಕ್ಕನ್ನು ಜೀಪಿನ ಕಿಟಕಿಗೆ ಹಿಡಿದ. ಸಾಹೇಬರು ಹಸಿರು ಇಂಕಿನಲ್ಲಿ ಏನೋ ಗೀಚಿ ವಾಪಸು ಕೊಟ್ಟರು. ಶುಕ್ರವಾರ ಮಂತ್ರಿಗಳು ಬರುವವರಿದ್ದರು. ಅಲ್ಲಿಯವರೆಗೆ ನಾಲೆ ತುಂಬಿ ತುಳುಕಬೇಕು ಎಂಬುದು ಹುಕುಂ. ಕದಡು ಕಂಡ ಮಂಗಳವಾರದಿಂದಲೇ ಎರಡು ದಿನ, ಎರಡು ರಾತ್ರಿ ಹುಚ್ಚಣ್ಣ ಒಬ್ಬನೇ ಹುಲ್ಲು, ಜೇಡಿಮಣ್ಣು ಕಲಸಿ ತೂತಿಗೆ ತುರುಕಿದ. ಗುರುವಾರ ಹೊತ್ತು ಹುಟ್ಟುವ ವೇಳೆಗೆ ಏರಿ ಒಡೆಯಿತು. ಜನ ಓಡಿ ಬಂದಾಗ ನೀರುಗಂಟಿ ಏರಿಯ ಮೇಲೆ ಮೈಮರೆತು ಬಿದ್ದಿದ್ದ. ಬಿದ್ದಿದ್ದದ್ದನ್ನು ಊರಿಗೆ ಊರೇ ಕಂಡಿತ್ತು. ಯಾಕೆ ಬಿದ್ದಿದ್ದ ಎಂಬುದನ್ನು ಸಾಹೇಬರು ಒದಗಿಸಿದರು.

“ಕುಡಿದು ಮಲಗಿದ್ದಾನೆ ನನ್ಮಗ,” ಎಂದರು. ಎಚ್ಚರವಾದ ಮೇಲೆ ಅವನ ಕೈಯಿಂದ ಗೇಜ್ ಬುಕ್ಕು ಇಸಿದುಕೊಂಡು ಜೀಪಿಗೆ ಹಾಕಿದರು. ವಿಚಾರಣೆಯಲ್ಲಿ ಹುಚ್ಚಣ್ಣ, “ಬುಕ್ಕಲ್ಲಿ ಬರ್ದಿವ್ನಿ ಸ್ವಾಮಿ, ತರ್ಸಿ ನೋಡಿ,” ಎಂದು ಅಂಗಲಾಚಿದ. ಸಾಹೇಬರು ಕಣ್ಣು ಮಿಟುಕಿಸದೆ, “ಆ ಬುಕ್ಕು ಏರಿಯ ಮೇಲಿದ್ದ ನೀರುಗಂಟಿಯ ಷೆಡ್ಡಿನ ಜೊತೆ ನೀರಲ್ಲಿ ಕೊಚ್ಚಿಹೋಯಿತು,” ಎಂದು ಬರೆದುಕೊಟ್ಟರು. ಅಲ್ಲಿಗೆ ಮುಗಿಯಿತು.

ಹನ್ನೊಂದು ದಿನದಲ್ಲಿ ಏರಿ ಕಟ್ಟಿದರು. ಹತ್ತು ದಿನ ಜೀಪಿನಿಂದ ಇಳಿಯದ ಸಾಹೇಬರು ಹನ್ನೊಂದನೆಯ ದಿನ ಪೇಪರಿನವರು ಬಂದಾಗ ಪ್ಯಾಂಟು ಮಡಚಿ ಮೊಳಕಾಲು ನೀರಿಗೆ ಇಳಿದು, ತಲೆಯ ಮೇಲೊಂದು ಮಂಕರಿ ಹೊತ್ತರು. ಮಂಕರಿಯಲ್ಲಿ ಮಣ್ಣಿರಲಿಲ್ಲ. ಆ ಫೋಟೊ ಅವರನ್ನು ಕೆಲಸ ಬಿಡಿಸಿ ಶಾಸಕರನ್ನು ಮಾಡಿತು, ಆಮೇಲೆ ಮಂತ್ರಿಯನ್ನೂ ಮಾಡಿತು. ಅಭಿಮಾನಿಗಳು ‘ಜಲಋಷಿ’ ಎಂದರು. ಋಷಿಗಳು ವಿಜಯನಗರದಲ್ಲಿ ಎರಡಂತಸ್ತಿನ ಮನೆ ಕಟ್ಟಿ, ನಾಲ್ಕು ವರ್ಷದ ಹಿಂದೆ ಅದೇ ಮನೆಯಲ್ಲಿ ತೀರಿಕೊಂಡರು.

ಹುಚ್ಚಣ್ಣ ಹದಿನಾಲ್ಕು ತಿಂಗಳು ಕೆಲಸವಿಲ್ಲದೆ ಕೂತ. ಆಮೇಲೆ ಮೈಸೂರಿನ ಕಚೇರಿಯೊಂದಕ್ಕೆ ಗೇಟು ಕಾಯಲು ಹಾಕಿದರು. ನೀರು ಬಿಡುತ್ತಿದ್ದವನು ಜೀಪು ಒಳಗೆ ಬಿಡುವವನಾದ. ಅದನ್ನೂ ನುಂಗಿಕೊಂಡಾನು. ನುಂಗಲಾರದೆ ಹೋದದ್ದು ಒಂದೇ: ಮಾದೇವಮ್ಮನ ಅಣ್ಣ ಲಿಂಗಯ್ಯನ ಮಾತು. ಏಳನೇ ಮೈಲಿಯ ಕೆಳಗಿದ್ದ ಲಿಂಗಯ್ಯನ ಗದ್ದೆಯ ಮೇಲೆ ಆ ದಿನ ಮೊಳದೆತ್ತರ ಮರಳು ಕೂತಿತ್ತು. ಬಾವಮೈದುನರಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಹಾಗಿದ್ದವರು. ಏರಿಯ ಮೇಲೆ ಬಿದ್ದವನನ್ನು ಲಿಂಗಯ್ಯ ಕಣ್ಣಾರೆ ನೋಡಿ, “ಕುಡುಕನ ಮನೆ ಹೊಸಲು ತುಳಿಯಲ್ಲ,” ಎಂದು ಹೋದವನು ನಲವತ್ತು ವರ್ಷ ತುಳಿಯಲಿಲ್ಲ. ತಂಗಿಯ ಮಗನ ಮದುವೆಗೂ ಛತ್ರದ ಬಾಗಿಲವರೆಗೆ ಬಂದು ಅಕ್ಷತೆ ಹಾಕಿ ಹಿಂದಿರುಗಿದ. ಹುಚ್ಚಣ್ಣ ಹುಟ್ಟಿದಾಗಿನಿಂದ ಒಂದು ತೊಟ್ಟು ಬಾಯಿಗೆ ಬಿಟ್ಟವನಲ್ಲ. ಸಾಯುವುದರೊಳಗೆ ಬಾವನ ಬಾಯಿಂದ ಆ ಒಂದು ಮಾತು ಕೆಳಗಿಳಿಯಬೇಕು ಎಂಬುದನ್ನು ಬಿಟ್ಟು ಅವನಿಗೆ ಬೇರೆ ಆಸೆ ಇರಲಿಲ್ಲ. ಅದನ್ನು ಯಾರಿಗೂ ಹೇಳುತ್ತಲೂ ಇರಲಿಲ್ಲ. ಬದಲಿಗೆ ಪೇಪರು ಮಡಚುತ್ತಿದ್ದ.

ಹೀಗಿರುವಾಗ ಒಂದು ಮಂಗಳವಾರ ಹೇಮಶ್ರೀ ಎಂಬ ಹೆಣ್ಣುಮಗಳು ಸ್ಕೂಟರು ನಿಲ್ಲಿಸಿ ಒಳಗೆ ಬಂದಳು. ಸಾಹೇಬರ ಸೊಸೆ ಬಿಂದುಶ್ರೀ ಮಾವನ ಕಾಗದಪತ್ರಗಳನ್ನೆಲ್ಲ ಸೇರಿಸಿ ಮನೆಯ ಕೆಳಗಿನ ಅಂತಸ್ತಿನಲ್ಲಿ ಸಂಗ್ರಹಾಲಯ ಮಾಡಿದ್ದರು. ಅವನ್ನು ವಿಂಗಡಿಸಿ ಪಟ್ಟಿ ಮಾಡುವ ಕೆಲಸ ಇವಳದು. ಪಿಂಚಣಿದಾರರ ಸಂಘದಲ್ಲಿ ಯಾರೋ ಹುಚ್ಚಣ್ಣನ ವಿಳಾಸ ಕೊಟ್ಟಿದ್ದರು.

“ತಾತ, ಈ ಫೋಟೊದಲ್ಲಿ ಸಾಹೇಬರ ಹಿಂದೆ ನಿಂತಿರೋರು ಯಾರ್ಯಾರು ಅಂತ ಗೊತ್ತಾಗ್ತಾ ಇಲ್ಲ. ನೀವು ಆಗ ಅಲ್ಲೇ ಇದ್ರಂತೆ.”

ಹುಚ್ಚಣ್ಣ ಫೋಟೊವನ್ನು ದೂರ ಹಿಡಿದು ನೋಡಿದ. “ಮಂಕರೀಲಿ ಮಣ್ಣಿಲ್ಲ, ಕಾಣ್ತದಾ?”

“ಹೌದಲ್ವಾ!” ಎಂದು ಹೇಮಶ್ರೀ ಬಗ್ಗಿದಳು. “ನಾನು ಗಮನಿಸೇ ಇರ್ಲಿಲ್ಲ.”

“ನಲವತ್ತು ವರ್ಸದಿಂದ ಯಾರೂ ಗಮನಿಸಿಲ್ಲ ಬುಡವ್ವ. ಎಲ್ಲರೂ ಮಡಚಿದ ಪ್ಯಾಂಟೇ ನೋಡ್ತಾರೆ.”

“ಸಾಹೇಬರ ಆತ್ಮಕಥೆ ಮುಂದಿನ ತಿಂಗಳು ಬರ್ತಾ ಇದೆ ತಾತ. ಈ ಫೋಟೊ ಅದಕ್ಕೇ. ಇದರ ಬಗ್ಗೆ ಅವರೇ ಬರೆದಿರೋದನ್ನ ಓದ್ತೀನಿ, ನಿಮಗೆ ಏನಾದ್ರೂ ನೆನಪಾದ್ರೆ ಹೇಳಿ.” ಚೀಲದಿಂದ ಹಾಳೆ ತೆಗೆದು ಪಾಠ ಒಪ್ಪಿಸುವವಳ ಹಾಗೆ ಓದಿದಳು: “‘ಕುಡಿದು ಮಲಗಿದ್ದ ಒಬ್ಬ ನೀರುಗಂಟಿಯ ಬೇಜವಾಬ್ದಾರಿಯಿಂದ ಒಡೆದ ನಾಲೆಯನ್ನು ನಾನು ಹನ್ನೊಂದೇ ದಿನದಲ್ಲಿ ಕಟ್ಟಿಸಿದೆ. ಅಂದು ನೀರಿಗಿಳಿದಾಗಲೇ ಜನಸೇವೆ ನನ್ನನ್ನು ಕರೆಯಿತು.’”

ಒಳಗೆ ಸೊಪ್ಪು ಸೋಸುತ್ತಿದ್ದ ಮಾದೇವಮ್ಮ ಮೊರ ಹಿಡಿದುಕೊಂಡೇ ಹೊರಗೆ ಬಂದಳು. “ಯಾರವ್ವ ಕುಡುದು ಮಲ್ಗಿದ್ದು? ಇವ್ನಾ? ಅವ್ನ ಬಾಯಿಗೆ ಹುಳ ಬೀಳಾ! ಸತ್ತು ಬೂದಿಯಾದ್ರೂ ಅವ್ನ ಸುಳ್ಳು ಸುಡನಿಲ್ವಲ್ಲ!”

ಹೇಮಶ್ರೀ ಹಾಳೆಯಿಂದ ತಲೆಯೆತ್ತಿದಳು. “ಅಯ್ಯೋ... ತಾತ, ಅದು ನೀವಾ?”

“ನಾನೇಯ. ಓದು ಓದು. ಜನಸೇವೆ ಕರೀತಲ್ಲ, ಯಾವ ಕಡೆಯಿಂದ ಕರೀತಂತೆ? ನನ್ಗಂತೂ ಕೇಳಿಸ್ನಿಲ್ಲ.”

ಹುಡುಗಿ ಹಾಳೆ ಮಡಚಿ ಚೀಲಕ್ಕೆ ತುರುಕಿದಳು. ಏನಾದರೂ ಒಳ್ಳೆಯದನ್ನು ಹೇಳಬೇಕು ಎಂದು ತಡವರಿಸಿ, “ಅವರು ತುಂಬಾ ಶಿಸ್ತಿನ ಮನುಷ್ಯರು ಅಂತ ಕಾಣುತ್ತೆ ತಾತ. ದಿನಾ ಎರಡು ಹೊತ್ತು ನಾಲೆಯ ಮಟ್ಟವನ್ನ ತಾವೇ ಬರೆದಿಡ್ತಿದ್ರು. ಆ ದಿನಚರೀನ ಗಾಜಿನ ಪೆಟ್ಟಿಗೇಲಿ ಇಟ್ಟಿದ್ದೀವಿ,” ಎಂದಳು.

ಹುಚ್ಚಣ್ಣ ಕೂತಲ್ಲಿಂದ ಮುಂದಕ್ಕೆ ಸರಿದ. “ಯಾರು ಬರೀತಿದ್ದುದು?”

“ಸಾಹೇಬರು. ಪ್ರತಿ ಪುಟದಲ್ಲೂ ಹಸಿರು ಇಂಕಿನ ರುಜು ಇದೆಯಲ್ಲ.”

“ರಟ್ಟು ಎಂಗದೆ?”

“ಹರಿದಿದೆ. ಕಪ್ಪು ಬಟ್ಟೆ ಹಾಕಿ ಹೊಲಿದಿದ್ದಾರೆ. ಕೊಡೆ ಬಟ್ಟೆ ಥರ. ಕೆಂಪು ದಾರ.”

ಮಾದೇವಮ್ಮನ ಕೈಯಿಂದ ಮೊರ ಜಾರಿ ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು. “ನನ್ ಹೊಲಿಗೆ ಕಣವ್ವ ಅದು!” ಎಂದಳು. ಹುಚ್ಚಣ್ಣ ಮಾತ್ರ ನಕ್ಕ. ಆ ಮನೆಯಲ್ಲಿ ಅಂಥ ನಗು ಕೇಳಿ ಎಷ್ಟೋ ವರ್ಷವಾಗಿತ್ತು. ಅದು ಸಂತೋಷದ ನಗುವಾಗಿರಲಿಲ್ಲ. “ಕೊಚ್ಚೋಗಿದ್ದ ಬುಕ್ಕು ಈಜ್ಕಂಡು ವಿಜಯನಗರಕ್ಕೆ ಬಂದದೆ ಕಣಮ್ಮಿ,” ಎಂದ ಹೆಂಡತಿಗೆ. “ಇಲಾಖೆ ಬುಕ್ಕು, ನಂಬರು ಹಾಕಿರೋದು. ಸುಡಕ್ಕೂ ಎದೆ ಇಲ್ದೆ ಮಡಗವ್ನೆ. ಅವ್ನ ಯೋಗ್ಯತೆಗೆ ಒಂದು ಬೆಂಕಿಕಡ್ಡಿ ಗೀರಕ್ಕಾಗ್ನಿಲ್ಲ.”

ಮರುದಿನ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಸಿಟಿ ಬಸ್ಸು ಹತ್ತಿ ವಿಜಯನಗರಕ್ಕೆ ಹೋದರು. ಮನೆಯ ಹೆಸರು ‘ಜಲಧಾರೆ’. ಗೇಟಿನ ಪಕ್ಕದ ಕಾರಂಜಿ ಕೆಟ್ಟು ನಿಂತಿತ್ತು. ಒಳಗೆ ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಸಾಹೇಬರಿಗೆ ಬಂದ ಲಗ್ನಪತ್ರಿಕೆಗಳಿಗೆ ಹದಿನೇಳು ಪೆಟ್ಟಿಗೆ. ಬಿನ್ನವತ್ತಳೆಗಳಿಗೆ ಒಂಬತ್ತು. ಒಣಗಿದ ಗಂಧದ ಹಾರಗಳಿಗೆ ಒಂದು ಬೀರು. ಶಂಕುಸ್ಥಾಪನೆಗಳಲ್ಲಿ ಹಿಡಿದ ಬೆಳ್ಳಿ ಕರಣೆಗಳು ಸಾಲಾಗಿ, ಒಂದಕ್ಕೂ ಗಾರೆ ಹತ್ತದೆ ಫಳಫಳ. “ನೀರಿಂದೇನಾರಾ ಅದಾ ಇಲ್ಲಿ?” ಎಂದು ಹುಚ್ಚಣ್ಣ ಕೇಳಿದ. ಹೇಮಶ್ರೀ ತಲೆತಗ್ಗಿಸಿ ನಡುಮನೆಯ ಗಾಜಿನ ಪೆಟ್ಟಿಗೆ ತೋರಿಸಿದಳು. ಅಷ್ಟು ಪೆಟ್ಟಿಗೆಗಳಲ್ಲಿ ನೀರಿಗೆ ಸಂಬಂಧಪಟ್ಟದ್ದು ಅದೊಂದೇ.

ಬುಕ್ಕಿನ ಕೆಳಗೆ ಹಿತ್ತಾಳೆಯ ಫಲಕ: ‘ಜಲಋಷಿಗಳು ಸ್ವಹಸ್ತದಿಂದ ಬರೆದ ನಾಲೆಯ ದಿನಚರಿ.’ ಮಾದೇವಮ್ಮ ತನ್ನ ಹೊಲಿಗೆಯನ್ನು ಗಾಜಿನ ಮೇಲಿಂದಲೇ ಬೆರಳಲ್ಲಿ ಸವರಿದಳು. ಹೇಮಶ್ರೀ ಬೀಗ ತೆಗೆದಳು. ಹುಚ್ಚಣ್ಣ ಅವಸರಪಡಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು ಹಾಳೆ ಮಗುಚುತ್ತ ಹೋಗಿ ಕೊನೆಯ ಬರವಣಿಗೆಗೆ ನಿಂತ. “ನೀನೇ ಓದವ್ವ,” ಎಂದ.

ಬುಧವಾರದ ಪುಟ. ಕಪ್ಪು ಇಂಕಿನ ಸೊಟ್ಟ ಅಕ್ಷರಗಳಲ್ಲಿ: ‘ಏಳನೇ ಮೈಲಿ. ಏಡಿ ಬಿಲ. ಮೊನ್ನೆ ತಿಳಿನೀರು. ನಿನ್ನೆಯಿಂದ ಕದಡು. ಮಟ್ಟ ಎರಡು ಅಡಿ ಇಳಿಸದಿದ್ದರೆ ಏರಿ ನಿಲ್ಲುವುದಿಲ್ಲ. ನೀರುಗಂಟಿ ಹುಚ್ಚಣ್ಣ.’ ಅದರ ಕೆಳಗೆ ಹಸಿರು ಇಂಕಿನಲ್ಲಿ: ‘ನೋಡಿದೆ. ಶುಕ್ರವಾರದವರೆಗೆ ಮಟ್ಟ ಇಳಿಸಕೂಡದು.’ ತಾರೀಖು. ಬಾಲ ಎಳೆದ ರುಜು.

ಹೇಮಶ್ರೀ ಎರಡು ಸಲ ಓದಿದಳು. ಹಸಿರು ರುಜು ನೋಡಿದೊಡನೆ ಇಡೀ ಬುಕ್ಕೇ ಸಾಹೇಬರದು ಎಂದು ಬರೆದುಬಿಟ್ಟಿದ್ದಳು. ಒಳಗಿನ ಅಕ್ಷರ ಯಾರದು ಎಂದು ನೋಡಿರಲಿಲ್ಲ. ರುಜು ಹಾಕಿದವನೇ ಬರೆದವನು ಎಂದುಕೊಳ್ಳುವುದು ಓದಿದವರು ಮಾತ್ರ ಮಾಡಬಹುದಾದ ತಪ್ಪು. ನಾಲೆಯ ಮೇಲಿನ ಯಾವ ಕೂಲಿಯೂ ಅದನ್ನು ಮಾಡನು.

ಅಷ್ಟರಲ್ಲಿ ಮಹಡಿಯಿಂದ ಬಿಂದುಶ್ರೀ ಇಳಿದು ಬಂದರು. ವಿಷಯ ಕೇಳಿ, ಪುಟ ನೋಡಿ, ಬುಕ್ಕನ್ನು ಮುಚ್ಚಿದರು. ಆಮೇಲೆ ನಗು ತಂದುಕೊಂಡರು. “ಹುಚ್ಚಣ್ಣನವರೇ, ನಿಮ್ಮಂಥ ಹಳಬರು ಸಿಗೋದೇ ಕಷ್ಟ. ಪುಸ್ತಕ ಬಿಡುಗಡೆ ದಿನ ವೇದಿಕೆ ಮೇಲೆ ನಿಮಗೊಂದು ಶಾಲು ಹೊದಿಸಿ ಸನ್ಮಾನ ಮಾಡೋಣ ಅಂತ.”

“ನನ್ಗೆ ಚಳಿ ಇಲ್ಲ ಕಣ್ರವ್ವ. ಆ ಪುಸ್ತಕ್ದಲ್ಲಿ ಕುಡ್ಕ ಅನ್ನೋದ ತೆಗೀರಿ, ಇಲ್ಲಿ ಬುಕ್ಕು ಯಾರದು ಅಂತ ಬರೀರಿ. ಅಷ್ಟೇಯ.”

“ಮಾವನವರ ಮಾತನ್ನ ತಿದ್ದೋಕೆ ನಾವ್ಯಾರು ಹೇಳಿ? ಬೇಕಾದ್ರೆ ಕುಡುಕ ಅನ್ನೋದರ ಬದಲು ‘ಆಯಾಸಗೊಂಡ ನೀರುಗಂಟಿ’ ಅಂತ ಹಾಕಬಹುದು.”

“ಆಯಾಸ ಯಾಕಾಯ್ತು ಅಂತನೂ ಹಾಕ್ತೀರಾ?”

ಬಿಂದುಶ್ರೀ ಗೋಡೆಯ ಮೇಲಿದ್ದ ಮಾವನ ಫೋಟೊದ ಕಡೆ ನೋಡಿದರು. ಫೋಟೊ ಯಾವ ಸಹಾಯವನ್ನೂ ಮಾಡಲಿಲ್ಲ. “ಟ್ರಸ್ಟಿನವರ ಹತ್ರ ಮಾತಾಡ್ತೀನಿ,” ಎಂದರು. ಹುಚ್ಚಣ್ಣ ಚಪ್ಪಲಿ ಮೆಟ್ಟಿದ. ಇಂಥ ‘ಮಾತಾಡ್ತೀನಿ’ಗಳನ್ನು ಅವನು ಗೇಟು ಕಾಯುವಾಗ ದಿನಕ್ಕೆ ನೂರು ಕೇಳಿದ್ದ.

ಶುಕ್ರವಾರ ಹೇಮಶ್ರೀ ಫೋನು ಮಾಡಿದಳು. “ತಾತ, ಸೋಮವಾರದಿಂದ ಆ ಬುಕ್ಕು ಬೀರುವಿನೊಳಗೆ ಹೋಗುತ್ತೆ. ಬೀರು ಮಹಡಿ ಮೇಲೆ. ಪಟ್ಟಿ ರಿಜಿಸ್ಟರಿನಲ್ಲಿ ಮಾತ್ರ ನಿಮ್ಮ ಹೆಸರು ಬರೆದಿದ್ದೀನಿ, ಅದನ್ನ ಹರಿಯೋಕೆ ಬರಲ್ಲ. ಆದರೆ ಜನ ನೋಡೋಕೆ ಇನ್ನು ಶನಿವಾರ, ಭಾನುವಾರ, ಎರಡೇ ದಿನ.”

ಜನ ನೋಡಲಿ ಬಿಡಲಿ, ಹುಚ್ಚಣ್ಣನಿಗೆ ಬೇಕಾಗಿದ್ದುದು ಒಬ್ಬನೇ. ಲಿಂಗಯ್ಯ ಈಗ ಶ್ರೀರಾಂಪುರದಲ್ಲಿ ಮಗನ ಮನೆಯಲ್ಲಿದ್ದ. ಎಂಬತ್ತಾಗಿತ್ತು, ಕಿವಿ ಮಂದವಾಗಿತ್ತು, ಹಟ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ಭಾನುವಾರ ಬೆಳಿಗ್ಗೆ ಮಾದೇವಮ್ಮನ ಜೊತೆ ಹೋಗಿ ಆ ಮನೆಯ ಗೇಟಿನ ಆಚೆಗೇ ನಿಂತು ಹುಚ್ಚಣ್ಣ ಕೂಗಿದ: “ಬಾವ! ಒಂದು ಬುಕ್ಕು ತೋರಿಸ್ಬೇಕು, ಬಾ.”

ಜಗುಲಿಯ ಮೇಲೆ ಕೂತಿದ್ದ ಲಿಂಗಯ್ಯ ಮುಖ ಆ ಕಡೆ ತಿರುಗಿಸಿದ. “ಮಾದೇವಿ, ಅವ್ನಿಗೇಳು. ಬೆಳ್ಬೆಳಗ್ಗೆನೇ ಹಾಕ್ಕಂಡು ಬಂದವ್ನಾ ಅಂತ ಕೇಳು.”

“ಅಣ್ಣ!” ಮಾದೇವಮ್ಮ ಗೇಟು ತಳ್ಳಿಕೊಂಡು ಒಳಗೆ ನುಗ್ಗಿದಳು. “ನಲವತ್ತು ವರ್ಸ ನಿನ್ ಮಾತು ನಾನು ಕೇಳಿವ್ನಿ. ಇವತ್ತೊಂದಿನ ನನ್ ಮಾತು ನೀನು ಕೇಳು. ಏಳು ಮೇಲೆ! ಅಲ್ಲೇನೂ ಇಲ್ಲ ಅಂತಂದ್ರೆ ನಾನೇ ಇವ್ನ ಮನೆ ಹೊಸಲು ದಾಟಲ್ಲ, ನಿನ್ ಮನೇಲೇ ಬಿದ್ದಿರ್ತೀನಿ.”

ತಂಗಿ ಮನೆಯಲ್ಲೇ ಬಿದ್ದಿರುತ್ತಾಳೆ ಎಂಬ ಮಾತಿಗೆ ಹೆದರಿದನೋ ಏನೋ, ಲಿಂಗಯ್ಯ ಕೋಲು ಹುಡುಕಿದ. ಬಸ್ಸಿನಲ್ಲಿ ಮೂವರೂ ಮೂರು ಸೀಟಿನಲ್ಲಿ ಕೂತರು.

ಭಾನುವಾರವಾದ್ದರಿಂದ ‘ಜಲಧಾರೆ’ಯಲ್ಲಿ ಬಡಾವಣೆಯ ಹತ್ತು ಹನ್ನೆರಡು ಮಂದಿ ಹಿರಿಯರು ವಾಕಿಂಗ್ ಮುಗಿಸಿ ಬಂದಿದ್ದರು. ಬಿಂದುಶ್ರೀ ಅವರಿಗೆ ಬೆಳ್ಳಿ ಕರಣೆ ತೋರಿಸುತ್ತಿದ್ದರು. ಹೇಮಶ್ರೀ ಗಾಜಿನ ಪೆಟ್ಟಿಗೆಯ ಬಳಿಗೆ ಒಂದು ಕುರ್ಚಿ ತಂದಿಟ್ಟಳು. ಬುಧವಾರದ ಪುಟವೇ ತೆರೆದಿತ್ತು. ಅದನ್ನು ಅವಳೇ ತೆರೆದಿಟ್ಟಿದ್ದಳು. ಲಿಂಗಯ್ಯ ಕನ್ನಡಕ ಏರಿಸಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದ. ಕಿವಿ ಮಂದವಿದ್ದವನಿಗೆ ತಾನು ಪಿಸುಗುಡುತ್ತಿದ್ದೇನೆ ಎಂಬ ನಂಬಿಕೆ. ಆ ಪಿಸುಮಾತು ಗೇಟಿನವರೆಗೆ ಕೇಳುತ್ತಿತ್ತು.

“ಏ-ಳ-ನೇ ಮೈಲಿ! ಏಡಿ ಬಿಲ! ನಿನ್ನೆಯಿಂದ ಕದಡು! ಮಟ್ಟ ಎರಡು ಅಡಿ... ಇಳಿಸದಿದ್ರೆ... ಏರಿ ನಿಲ್ಲುವುದಿಲ್ಲ!”

ಬೆಳ್ಳಿ ಕರಣೆ ನೋಡುತ್ತಿದ್ದವರು ತಿರುಗಿದರು. ಬಿಂದುಶ್ರೀ, “ಅಜ್ಜ, ಸ್ವಲ್ಪ ಮೆಲ್ಲಗೆ,” ಎಂದರು. ಅದು ಅವನಿಗೆ ಕೇಳಿಸಲಿಲ್ಲ.

“ಹಸ್ರು ಇಂಕು! ನೋಡಿದೆ! ಶುಕ್ರವಾರದವರೆಗೆ... ಮಟ್ಟ... ಇಳಿಸ-ಕೂಡದು!” ಲಿಂಗಯ್ಯ ತಲೆಯೆತ್ತಿದ. “ಯಾರ ರುಜು ಇದು?”

“ಈ ಮನೆಯೋರ್ದು,” ಎಂದು ಹುಚ್ಚಣ್ಣ ಅವನ ಕಿವಿಗೇ ಹೇಳಿದ.

“ಇಳಿಸಕೂಡದು ಅಂದವ್ನಾ ಬಡ್ಡೀಮಗ? ಬುಧವಾರ ಹೇಳಿದ್ರೂವೆ?” ಎಂದು ಲಿಂಗಯ್ಯ ಕೋಲು ಕುಟ್ಟಿದ. ನಿಂತಿದ್ದವರಲ್ಲೊಬ್ಬರು, ಹಿಂದೆ ಯಾವುದೋ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು, ಹತ್ತಿರ ಬಂದು ಬಗ್ಗಿ ನೋಡಿ, ಹಿತ್ತಾಳೆ ಫಲಕ ಓದಿ, “ಸ್ವಹಸ್ತ ಅಂದ್ರೆ ಯಾವುದಮ್ಮ, ಕಪ್ಪೋ ಹಸಿರೋ?” ಎಂದು ಬಿಂದುಶ್ರೀಯನ್ನು ಕೇಳಿದರು. ಬಿಂದುಶ್ರೀ ಕಾಫಿ ತರಿಸುವ ನೆಪದಲ್ಲಿ ಒಳಗೆ ಹೋದವರು ಹೊರಗೆ ಬರಲಿಲ್ಲ. ಕಾಫಿಯೂ ಬರಲಿಲ್ಲ.

ಪುಸ್ತಕ ಮುಂದಿನ ತಿಂಗಳೂ ಬರಲಿಲ್ಲ. ಕುಡುಕನನ್ನು ತೆಗೆದರೆ ನಾಲೆ ಯಾಕೆ ಒಡೆಯಿತು ಎಂದು ಹೇಳಬೇಕಾಗುತ್ತದೆ. ನಾಲೆಯನ್ನೇ ತೆಗೆದರೆ ಮಡಚಿದ ಪ್ಯಾಂಟಿನ ಫೋಟೊ ತೆಗೆಯಬೇಕಾಗುತ್ತದೆ. ಫೋಟೊ ತೆಗೆದರೆ ಸಾಹೇಬರು ಯಾಕೆ ಮಂತ್ರಿಯಾದರು ಎಂಬುದಕ್ಕೆ ಕಾರಣವೇ ಉಳಿಯುವುದಿಲ್ಲ. ಟ್ರಸ್ಟಿನವರು ಇನ್ನೂ ಮಾತಾಡುತ್ತಿದ್ದಾರೆ.

ಅದೆಲ್ಲ ಆಮೇಲಿನದು. ಆ ಭಾನುವಾರ ಲಿಂಗಯ್ಯ ಕೋಲೂರಿಕೊಂಡು ಎಲ್ಲರಿಗಿಂತ ಮೊದಲು ಗೇಟು ದಾಟಿದ. ಬಸ್ ಸ್ಟಾಪಿನಲ್ಲಿ ಕೋಲಿನ ತುದಿಯಿಂದ ನೆಲ ಕೆರೆಯುತ್ತ ನಿಂತು, ಹುಚ್ಚಣ್ಣನ ಮುಖ ನೋಡದೆ, “ಅಕ್ಷರ ಏನ್ಲಾ ಅಷ್ಟು ಸೊಟ್ಟ ನಿಂದು? ದುಂಡುಗೆ ಬರ್ದಿದ್ರೆ ಆವತ್ತೇ ಯಾರಾರ ಓದವ್ರು,” ಎಂದ.

“ನಿನ್ ಗದ್ದೆ ಉಳಿಸಕ್ಕೆ ಬರ್ದದ್ದು ಬಾವ, ಬಹುಮಾನಕ್ಕಲ್ಲ.”

ಹೂಟಗಳ್ಳಿ ಬಸ್ಸು ಮೊದಲು ಬಂತು. ಶ್ರೀರಾಂಪುರಕ್ಕೆ ಹೋಗಬೇಕಾದ ಲಿಂಗಯ್ಯ ಅದನ್ನೇ ಹತ್ತಿದ. ಹತ್ತಿ, ಕಿಟಕಿ ಪಕ್ಕ ಕೂತು, ಪಕ್ಕದ ಜಾಗವನ್ನು ಕೋಲಿನಿಂದ ತಟ್ಟಿದ. ಮಾದೇವಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, “ಮನೇಲಿ ಸಾರಿಗೇನೂ ಇಲ್ವಲ್ಲ ಈಗ,” ಎಂದು ಪೇಚಾಡಿದಳು.

“ಮೀನು ತಕ್ಕಳನ ಇಳ್ದೇಟ್ಗೆ,” ಎಂದ ಹುಚ್ಚಣ್ಣ. “ಮುಳ್ಳು ಸುತ್ತಕ್ಕೆ ಪೇಪರು ಬೇಕಾದಷ್ಟು ಬಿದ್ದದೆ.”